ಮೂರನೇ ಹಾಡಿನ ಗಂಟೆ

ಡಿಸೆಂಬರ್ 4

ಸಂಪಾದಕನ ಮೇಲ್ ಬಂತು. ಏಳು ವಿಮರ್ಶಕರು ವರ್ಷದ ಅತ್ಯುತ್ತಮ ಆಲ್ಬಮ್ ಎಂದು ಆರಿಸಿದ್ದನ್ನೆಲ್ಲ ಹೋಲಿಸಿ ಒಂದು ಪುಟ ಬರೆಯಬೇಕಂತೆ. ಪ್ರತಿ ವರ್ಷದ ಗೋಳು. ಇಪ್ಪತ್ತು ವರ್ಷದಿಂದ ಈ ಕಿವಿಯ ದುಡಿಮೆಯಲ್ಲೇ ಬದುಕಿದ್ದೇನೆ... ಸಾಮಾನ್ಯವಾಗಿ ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ಉಗಿಯುತ್ತಾನೆ. ಈ ಸಲ ಏಳೂ ಜನರಿಗೆ ಒಂದೇ ಆಲ್ಬಮ್, ಯಾರೋ ಹೊಸ ಪಿಯಾನೋ ವಾದಕಿಯದು. ಇಷ್ಟು ಒಗ್ಗಟ್ಟು ಇವರಿಗೆ ಯಾವಾಗ ಬಂತೋ!

ಮಗಳು ಕೂಸಿನೊಂದಿಗೆ ಬಂದಿದ್ದಾಳೆ. ಅಳಿಯ ಎಲೆಕ್ಟ್ರಿಷಿಯನ್. ಬಂದವನೇ ಅಡುಗೆಮನೆಯಲ್ಲಿ ಹೊಗೆ ಅಲಾರಂ ಕೂರಿಸಿದ. "ಮಾವ, ನೀವು ಹಾಡು ಕೇಳ್ತಾ ಒಲೆ ಮರೀತೀರಿ. ಇನ್ಮೇಲೆ ಇದು ಕಿರುಚಿ ನೆನಪು ಮಾಡುತ್ತೆ." ನಕ್ಕೆ. ಸಂಜೆಯೇ ವಾಪಸ್ ಹೊರಟ.

ಡಿಸೆಂಬರ್ 6

ಏಳು ವಿಮರ್ಶೆಗಳನ್ನು ಪಕ್ಕಪಕ್ಕ ಇಟ್ಟು ಓದಿದೆ. ಐದರಲ್ಲಿ ಒಂದೇ ಮಾತು — ಮೂರನೇ ಹಾಡಿನ ಕೊನೆಗೆ, ಪಿಯಾನೋ ನಿಂತ ಮೇಲೆ, ತೀರಾ ಸಣ್ಣ ಗಂಟೆಯೊಂದು ಕೇಳುತ್ತದೆ, ಕರುಳು ಹಿಂಡುತ್ತದೆ. ಹಾಕಿ ಕೇಳಿದೆ. ಪಿಯಾನೋ ನಿಂತಿತು. ಆಮೇಲೆ ಏನೂ ಇಲ್ಲ. ಮತ್ತೆ ಕೇಳಿದೆ. ಗಂಟೆಯೂ ಇಲ್ಲ, ಗಿಂಟೆಯೂ ಇಲ್ಲ.

ಕಳ್ಳರು! ಕಂಪನಿಯವರು ಕಳಿಸಿದ ಪ್ರಚಾರದ ಹಾಳೆ ನೋಡಿ ಗೀಚಿದ್ದಾರೆ. ಈ ಸಲ ಇವರ ಮಾನ ಹರಾಜು.

ಡಿಸೆಂಬರ್ 7

ಕಳಿಸಿದೆ. ತಲೆಬರಹ ‘ಇಲ್ಲದ ಗಂಟೆ ಕೇಳಿದವರು’. ಸಂಪಾದಕ ಫೋನ್ ಮಾಡಿದ.

"ಸಾರ್, ಬೆಂಕಿ ಬರಹ! ಖಾತ್ರಿ ಮಾಡ್ಕೊಂಡಿದ್ದೀರಿ ತಾನೇ?"

"ನನ್ನ ಕಿವಿಗಿಂತ ಖಾತ್ರಿ ಬೇಕೇನಯ್ಯಾ?"

ಡಿಸೆಂಬರ್ 9

ಅದೇ ಹಾಡನ್ನು ಸ್ಪೀಕರಿನಲ್ಲಿ ಹಾಕಿದ್ದೆ. ಪಿಯಾನೋ ನಿಂತಿತು. ಮಗಳು ಕೈ ಒರೆಸಿಕೊಳ್ಳುತ್ತ ಓಡಿ ಬಂದಳು.

"ಅಪ್ಪಾ, ಆಫ್ ಮಾಡಿ. ಆ ಗಂಟೆ ಕಿವಿಗೆ ಸೂಜಿ ಚುಚ್ಚಿದ ಹಾಗಿದೆ. ಮಗು ಎದ್ದುಬಿಡುತ್ತೆ."

"ಯಾವ ಗಂಟೆ?"

"ಈಗ ಬರ್ತಾ ಇದೆಯಲ್ಲ!"

ಫ್ಯಾನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. "ಓ, ಅದಾ..." ಅಂದೆ. ಇಷ್ಟು ಭಯ ಎಂದೂ ಆಗಿರಲಿಲ್ಲ.

ಡಿಸೆಂಬರ್ 10

ಲೇಖನ ತಡೆಯಲೆಂದು ಸಂಪಾದಕನಿಗೆ ಫೋನ್ ಮಾಡಿದೆ. "ಹೇಳಿ ಸಾರ್, ಪುಟ ಇನ್ನೂ ಅಚ್ಚಿಗೆ ಹೋಗಿಲ್ಲ." ಕಿವಿ ಹೋಗಿದೆ ಎಂದು ಗೊತ್ತಾದರೆ ಈ ಅಂಕಣ ನಾಳೆಯೇ ಇನ್ನೊಬ್ಬನ ಪಾಲು. ಒಂದು ಅಲ್ಪವಿರಾಮ ತಿದ್ದಿಸಿ ಫೋನ್ ಇಟ್ಟೆ.

ಡಿಸೆಂಬರ್ 17

ಲೇಖನ ಬಂದು ಮೂರು ದಿನ. ಗಂಟೆಯ ಬಗ್ಗೆ ಬರೆದಿದ್ದ ಆ ಐವರಲ್ಲಿ ಹಿರಿಯನೊಬ್ಬ ಫೋನ್ ಮಾಡಿದ. ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. "ನನಗೂ ಹೀಗೇ ಶುರುವಾಗಿತ್ತು ಕಣಯ್ಯಾ, ಕೀರಲು ಸದ್ದೇ ಮೊದಲು ಹೋಗೋದು; ಈಗ ಕಿವಿಗೆ ಮಷೀನ್ ಹಾಕ್ಕೊಂಡು ಕೇಳ್ತೀನಿ. ಡಾಕ್ಟರಿಗೆ ತೋರಿಸು" ಅಂದ. ಬೈದಿದ್ದರೆ ವಾಸಿಯಿತ್ತು. ಶುಕ್ರವಾರಕ್ಕೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ಯಾರಿಗೂ ಹೇಳಿಲ್ಲ.

ಮಗಳ ರಜೆ ಮುಗಿಯಿತು.

"ನಾಳೆ ಡ್ಯೂಟಿಗೆ ಹೋಗ್ಬೇಕು. ಮಗೂನ ನಿಮ್ಮ ಹತ್ರ ಬಿಡ್ಲಾ? ಈಚೆಗೆ ಕರೆದ್ರೂ ಓಗೊಡಲ್ಲ ನೀವು. ಕಿವಿ ಸರಿಯಾಗಿ ಕೇಳ್ಸುತ್ತೆ ತಾನೇ?"

"ಯಾರ ಕಿವಿ ಬಗ್ಗೆ ಮಾತಾಡ್ತಿದ್ದೀಯ ಗೊತ್ತಾ?"

ನಕ್ಕಳು. ನಾನೂ ನಕ್ಕೆ.

ಡಿಸೆಂಬರ್ 18, ಮಧ್ಯಾಹ್ನ

ಮಗಳು ಬೆಳಿಗ್ಗೆಯೇ ಹೋದಳು. ಕೂಸು ಅಡುಗೆಮನೆಯ ಆಚೆಗಿನ ಕೋಣೆಯಲ್ಲಿ ಮಲಗಿದೆ. ಕೈ ಮುಷ್ಟಿ ಮಾಡಿಕೊಂಡು ಮಲಗುವುದೇ ಚೆಂದ. ಹಾಲಿನ ಬಾಟಲಿಯನ್ನು ಒಲೆಯ ಮೇಲೆ ಕುದಿಯುವ ನೀರಿಗೆ ಹಾಕಿ, ಮುಂದಿನ ಕೋಣೆಗೆ ಬಂದು ಹೆಡ್‌ಫೋನ್ ಹಾಕಿಕೊಂಡೆ. ಮೂರನೇ ಹಾಡು, ಪೂರ್ತಿ ಸೌಂಡ್. ಇಲ್ಲ. ಮತ್ತೆ... ಇಲ್ಲ. ಎಷ್ಟು ಸಲವೋ. ಅಳು ಬಂತು, ಅತ್ತೆ.

ಹೆಡ್‌ಫೋನ್ ತೆಗೆದಿಟ್ಟು ಇದನ್ನು ಬರೆಯುತ್ತಿದ್ದೇನೆ. ಮನೆ ನಿಶ್ಶಬ್ದ. ಪ್ಲಾಸ್ಟಿಕ್ ಸುಟ್ಟ ವಾಸನೆ — ಹೊರಗೆ ಯಾರೋ ಕಸ ಸುಡುತ್ತಿರಬೇಕು. ಎದುರುಮನೆಯಾಕೆ ರಸ್ತೆಯಲ್ಲಿ ನಿಂತು, ಎರಡೂ ಕಿವಿ ಮುಚ್ಚಿಕೊಂಡು, ನಮ್ಮ ಮನೆ ಕಡೆಯೇ ನೋಡುತ್ತಿದ್ದಾಳೆ. ಯಾಕೋ.

ಒಲೆ ಆರಿಸಿದ್ದೆನೇ? ಆರಿಸಿರಬೇಕು. ಅಲಾರಂ ಕೂಗಿಲ್ಲವಲ್ಲ. ಕೂಗಿದ್ದರೆ ನನಗೆ —