ಏಪ್ರಿಲ್ ಹದಿನೈದರ ಹಾಳೆ

ಏಪ್ರಿಲ್ 9

ಪ್ರೆಸ್ಸಿನಲ್ಲಿ ಬೆಳಿಗ್ಗೆಯಿಂದ ಮುಂದಿನ ವರ್ಷದ ಕ್ಯಾಲೆಂಡರಿನ ಕೆಲಸ. ದಿನಕ್ಕೊಂದು ಹಾಳೆ, ಹಾಳೆಗೊಂದು ‘ಇತಿಹಾಸದಲ್ಲಿ ಈ ದಿನ’. ಯುದ್ಧ, ಭೂಕಂಪ, ಕೊಲೆ — ಇವೇ ಓಡುವ ಸರಕು. ಯಾರೋ ಸುಖವಾಗಿ ಉಂಡು ಮಲಗಿದ ದಿನ ಯಾರಿಗೆ ಬೇಕು?

ಮಧ್ಯಾಹ್ನ ಆಸ್ಪತ್ರೆ. ಅಕ್ಕನ ಹೃದಯದ ಆಪರೇಷನ್ನಿಗೆ ಡಾಕ್ಟರು ಹದಿನೈದನೇ ತಾರೀಖು ಕೊಟ್ಟರು. ತಪ್ಪಿದರೆ ಜೂನ್. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: “ಜೂನ್ ತನಕ ಕಾಯೋ ಹಾರ್ಟ್ ಅಲ್ಲ ಅದು.”

ಏಪ್ರಿಲ್ 10

ಅಕ್ಕ ಒಲ್ಲೆ ಅಂತ ಕೂತಿದ್ದಾಳೆ. ಕಾರಣ — ನಾನು! ಈ ವರ್ಷದ ನನ್ನದೇ ಕ್ಯಾಲೆಂಡರ್ ತಿರುವಿ ನೋಡಿದ್ದಾಳೆ. ಏಪ್ರಿಲ್ 15, 1912: ಟೈಟಾನಿಕ್ ಮುಳುಗಡೆ.

“ಹಡಗು ಮುಳುಗಿದ ದಿನ ನನ್ನ ಎದೆ ಕುಯ್ಯಿಸ್ತೀಯೇನೋ?”

“ಅದು ಸಮುದ್ರದಲ್ಲಿ ಕಣೇ.”

“ನನ್ನನ್ನೂ ಮಂಜಿನಂಥ ರೂಮಿಗೇ ಒಯ್ಯೋದಂತೆ. ನರ್ಸ್ ಹೇಳಿದ್ಲು.”

ಮಾತು ಮಾರಿಯೇ ಮೇಲೆ ಬಂದವನು ನಾನು. ಅಮ್ಮ ಹೋದ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳ ಎದುರು ಅದೊಂದೂ ಮಾರಾಟವಾಗಲಿಲ್ಲ.

ಏಪ್ರಿಲ್ 13

ಬೇಡಿದೆ, ಬೈದೆ. ಕೊನೆಗೆ ಬುದ್ಧಿ ಓಡಿಸಿದೆ. ಅದೇ ತಾರೀಖು, 1452: ಲಿಯೊನಾರ್ಡೊ ಡ ವಿಂಚಿ ಜನನ. ಒಂದೇ ಒಂದು ಹಾಳೆ ಹೊಸದಾಗಿ ಅಚ್ಚು ಹಾಕಿಸಿ, ಅವಳ ಕ್ಯಾಲೆಂಡರಿಗೆ ಸಿಕ್ಕಿಸಿ, “ನೀನು ಕನ್ನಡಕ ಇಲ್ದೆ ಓದಿದ್ದೀಯ, ನೋಡು” ಅಂದೆ.

ಓದಿದಳು. ತಲೆಯೆತ್ತಿ ಎದುರಿಗೆ ಬೆರಳು ತೋರಿಸಿದಳು. ವಾರ್ಡಿನ ಗೋಡೆಯ ಮೇಲೂ ನನ್ನದೇ ಕ್ಯಾಲೆಂಡರ್. ಪ್ರಚಾರಕ್ಕಿರಲಿ ಅಂತ ಪುಕ್ಕಟೆ ಕೊಟ್ಟದ್ದು. ಅದನ್ನು ಹದಿನೈದರ ಹಾಳೆಗೆ ಆಗಲೇ ತಿರುವಿಸಿಟ್ಟಿದ್ದಳು.

“ಅಲ್ಲಿ ಹಡಗು, ಇಲ್ಲಿ ಕೂಸು. ಯಾವುದು ಸುಳ್ಳೋ?”

“ಎರಡೂ ನಿಜ.”

“ಮತ್ತೆ ಹಡಗನ್ನೇ ಯಾಕೆ ಹಾಕ್ದೆ?”

“ಜನ ಓದೋದು ಅದನ್ನೇ ಅಕ್ಕಾ.”

“ಒಬ್ರೂ ಉಳೀಲಿಲ್ವಾ ಅದರಲ್ಲಿ?”

“ಏಳುನೂರು ಚಿಲ್ಲರೆ ಜನ ಉಳಿದ್ರು.”

“ಅದನ್ಯಾಕೆ ಬರೀಲಿಲ್ಲ?”

“ಜಾಗ ಸಾಲ್ಲಿಲ್ಲ.”

ದಿಟ್ಟಿಸಿದಳು. “ಏಳುನೂರು ಜನ ಬದುಕಿದ್ದಕ್ಕೆ ನಿನ್ನ ಹತ್ರ ಒಂದು ಸಾಲು ಜಾಗ ಇರ್ಲಿಲ್ವೇನೋ, ಭಂಡ?”

ಕ್ಯಾಲೆಂಡರ್ ಮುಚ್ಚಿಟ್ಟು ದಿಂಬಿಗೊರಗಿದಳು. ಆಮೇಲೆ, “ಅಷ್ಟು ಜನ ಉಳಿದಿದ್ರೆ ನಂಗೂ ಒಂದು ಜಾಗ ಸಿಗಬಹುದು. ಹೋಗು, ಡಾಕ್ಟರಿಗೆ ಹೂಂ ಅಂತ ಹೇಳು.”

ಏಪ್ರಿಲ್ 15, ಮಧ್ಯಾಹ್ನ

ಒಳಗೆ ಕರೆದೊಯ್ದು ಬಹಳ ಹೊತ್ತಾಯಿತು. ಹೋಗುವಾಗ ಸ್ಟ್ರೆಚರ್ ಮೇಲಿಂದ, “ತಿಂಡಿ ತಿಂದ್ಯೇನೋ?” ಅಷ್ಟೇ. ತಿಂದೆ ಅಂದೆ. ಸುಳ್ಳು.

ಮುಗಿದುಹೋದ ದಿನವನ್ನು ಒಂದು ಸಾಲಿಗೆ ಇಳಿಸುವುದು ಸುಲಭ — ಕೊನೆ ಗೊತ್ತಿರುತ್ತದೆ. ಇವತ್ತಿನದಕ್ಕೆ ಒಂದು ಪದವೂ ಕೈಗೆ ಹತ್ತುತ್ತಿಲ್ಲ. ಮುಳುಗಿದವರ ಮನೆಯವರು, ಉಳಿದವರ ಮನೆಯವರು... ಸುದ್ದಿ ಬರುವ ತನಕ ಎಲ್ಲರೂ ಒಂದೇ ಸಾಲಿನಲ್ಲಿ ನಿಂತಿದ್ದಿರಬೇಕು. ಇಷ್ಟು ವರ್ಷ ಅಚ್ಚು ಹಾಕಿದರೂ ಇದು ತಲೆಗೆ ಹೋಗಿರಲಿಲ್ಲ.

ಬಾಗಿಲು ತೆರೆಯಿತು. ಡಾಕ್ಟರೇ. ಮಾಸ್ಕ್ ಬಿಚ್ಚುತ್ತ ನನ್ನ ಕಡೆಗೇ ಬರು—