ಸಹಿ ಇಲ್ಲದೆ ವಾಪಸು ಬಂದ ನಕ್ಷೆ

ಶುಕ್ರವಾರ, ಮಾರ್ಚ್ ೧೪

ಪ್ರೀತಿಯ ನಿಧಾನಿಗೆ,

ನಿನ್ನ ತಕರಾರಿನ ನಮಸ್ಕಾರ. ಉತ್ತರ ತಡವಾಯಿತು, ಬಾಯಿತುಂಬ ಬೈದುಕೋ. ಕಾಲೇಜಿನಲ್ಲಿ ಪರೀಕ್ಷೆಯ ಕೋಣೆಯಿಂದ ಪ್ರತಿಸಲ ಕೊನೆಗೆ ಹೊರಬಂದು ಈ ಹೆಸರು ಸಂಪಾದಿಸಿದವನು ನೀನು. ಯಾರು ಏನೆಂದರೂ ಅಡ್ಡಬಾಯಿ ಹಾಕುತ್ತೇನೆಂದು ನನಗೆ ತಕರಾರು ಎಂದು ಹೆಸರಿಟ್ಟವನೂ ನೀನೇ. ಈ ಸಲ ನಿಧಾನ ಮಾಡಿದವನು ನಾನು. ನೀನು ಕಳಿಸಿದ ಶಾಲೆಯ ಹೊಸ ಕಟ್ಟಡದ ನಕ್ಷೆಗಳು ಬಂದು ವಾರಗಳೇ ಕಳೆದವು. ಮಂಡಿನೋವು ಎಂದು ನೆಪ ಹೇಳಬಹುದು, ಆದರೆ ನಕ್ಷೆಯನ್ನು ಮಂಡಿಯಿಂದ ನೋಡುತ್ತೀಯೇನೋ ಎಂದು ನೀನು ಕೇಳದೆ ಬಿಡುವವನಲ್ಲ.

ಇಲ್ಲಿಯ ಸುದ್ದಿ ಹೇಳುವಂಥದ್ದೇನಿಲ್ಲ. ಡಾಕ್ಟರು ನಡೆಯಿರಿ ಎಂದಿದ್ದಾರೆ, ಬೀದಿಯ ಕೊನೆಯ ಬಸ್ ನಿಲ್ದಾಣದವರೆಗೆ ಹೋಗಿ ಬರುತ್ತೇನೆ. ನಮ್ಮ ಮನೆಯ ಕೆಳಗಿನ ದರ್ಜಿ ತನ್ನ ಅಂಗಡಿ ದೊಡ್ಡದು ಮಾಡುವ ಹುರುಪಿನಲ್ಲಿ ನಡುವಿನ ಗೋಡೆ ಒಡೆಸಲು ಹೊರಟಿದ್ದ. ಸುತ್ತಿಗೆಯ ಸದ್ದು ಕೇಳಿ ಓಡಿಹೋದೆ. "ಆ ಗೋಡೆ ಮೇಲೆ ನನ್ನ ಅಡುಗೆಮನೆ ನಿಂತಿದೆ ಕಣಪ್ಪ" ಎಂದೆ. ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡೇ ಅವನು ಗೋಡೆಯನ್ನು ಮೇಲಿಂದ ಕೆಳಗೆ ನೋಡಿದ. ಈಗ ಬಾಗಿಲಷ್ಟು ಮಾತ್ರ ಕಿಂಡಿ ಬಿಟ್ಟು, ಮೇಲೆ ತೊಲೆ ಕೊಡಿಸುತ್ತಿದ್ದಾನೆ. ನಿನ್ನ ನಕ್ಷೆಗಳನ್ನು ಬಿಟ್ಟು ಬೇರೆಲ್ಲದರಿಂದ ನಿವೃತ್ತಿಯಾದರೂ ಮೂಗು ತೂರಿಸುವ ಚಟ ಬಿಟ್ಟಿಲ್ಲ, ನೋಡು.

ಇನ್ನು ವಿಷಯಕ್ಕೆ ಬರುತ್ತೇನೆ. ನಿನಗೆ ಚೆನ್ನಾಗಿ ಗೊತ್ತಿರುವ ಕೆಲವು ಸಂಗತಿಗಳನ್ನು ಬಿಡಿಸಿ ಬರೆಯುತ್ತೇನೆ, ಬೇಸರಪಡಬೇಡ. ನಾವಿಬ್ಬರೂ ಕೆಲಸ ಶುರುಮಾಡಿದ ಕಾಲದಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ನಿನ್ನ ಕಟ್ಟಡವನ್ನು ನಾನು ಪರೀಕ್ಷಿಸಬೇಕು, ನನ್ನದನ್ನು ನೀನು. ಲೆಕ್ಕ ಹಾಕಿದ ಹಾಳೆಗಳನ್ನು ಬೇರೆ ಲಕೋಟೆಯಲ್ಲಿ ಅಂಟಿಸಿ ಕಳಿಸಬೇಕು. ಪರೀಕ್ಷಿಸುವವನು ಅದನ್ನು ಒಡೆಯದೆ, ಬಿಳಿ ಹಾಳೆಯ ಮೇಲೆ ಮೊದಲಿನಿಂದ ತನ್ನ ಲೆಕ್ಕ ತಾನು ಹಾಕಬೇಕು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ತಪ್ಪು ಸಿಕ್ಕರೆ ತಿದ್ದಬಾರದು, ಎಲ್ಲಿದೆ ಎಂದು ಹೇಳಿ ವಾಪಸು ಕಳಿಸಬೇಕು. ಫೋನಿನಲ್ಲಿ ಹೇಳಿದ್ದು ಫೋನಿನಲ್ಲೇ ಉಳಿಯುತ್ತದೆ, ಎಲ್ಲವನ್ನೂ ಪತ್ರದಲ್ಲೇ ಬರೆಯಬೇಕು ಎಂದು ನಿಯಮ ಮಾಡಿದವನೂ ನೀನು. ನಿನ್ನ ತಪ್ಪು ಸಿಕ್ಕ ದಿನ ನಾನು ಮನೆಯಲ್ಲಿ ಸಿಳ್ಳೆ ಹಾಕುತ್ತಿದ್ದೆ. ನೀನೂ ಕಡಿಮೆಯಿರಲಿಲ್ಲ, ನನ್ನ ತಪ್ಪಿನ ಸುತ್ತ ಕೆಂಪು ಪೆನ್ಸಿಲಿನಲ್ಲಿ ಹೂವಿನ ದಳ ಬರೆದು ಕಳಿಸುತ್ತಿದ್ದೆ.

ಈ ಸಲ ತಪ್ಪು ಇರುವುದು ಮೊದಲ ಮಹಡಿಯ ವರಾಂಡದಲ್ಲಿ. ಕೆಳಗೆ ಕಂಬವಿಲ್ಲದೆ ಗೋಡೆಯಿಂದ ಹೊರಗೆ ಚಾಚಿಕೊಂಡಿರುವ ವರಾಂಡ ಅದು. ಅದರ ಕಾಂಕ್ರೀಟಿನೊಳಗಿನ ಮುಖ್ಯ ಕಬ್ಬಿಣದ ಕಂಬಿಗಳನ್ನು ನೀನು ಸ್ಲ್ಯಾಬಿನ ಕೆಳಭಾಗದಲ್ಲಿ ತೋರಿಸಿದ್ದೀಯ. ಮೇಲ್ಭಾಗದಲ್ಲಿ ಏನೂ ಇಲ್ಲ.

ಇನ್ನೊಮ್ಮೆ ಓದಿಕೋ, ನಿಧಾನಿ. ಮೇಲ್ಭಾಗದಲ್ಲಿ ಏನೂ ಇಲ್ಲ. ಕೆಲಸಕ್ಕೆ ಸೇರಿದ ಹೊಸಬರಿಗೆಲ್ಲ ನೀನು ಮೊದಲ ದಿನವೇ ನೀರು ತುಂಬಿದ ಬಕೆಟ್ ಕೊಟ್ಟು, ಕೈ ಚಾಚಿ ಹಿಡಿದುಕೊಳ್ಳಲು ಹೇಳುತ್ತಿದ್ದೆ. ಅವರು ತುಟಿ ಕಚ್ಚುವ ಹೊತ್ತಿಗೆ, ಎಲ್ಲಿ ನೋವು ಎಂದು ಕೇಳುತ್ತಿದ್ದೆ. ಭುಜದ ಮೇಲ್ಗಡೆ ಎಂದರೆ, ಕಂಬಿಯೂ ಅಲ್ಲೇ ಇರಬೇಕು ಎಂದು ಬಕೆಟ್ ಇಳಿಸುತ್ತಿದ್ದೆ. ಎಷ್ಟು ಜನ ಆ ಪಾಠ ಕಲಿತು ಹೋದರು. ನೀನು ಬರೆದ ಹಾಗೆಯೇ ಕಟ್ಟಿದರೆ, ಗಂಟೆ ಹೊಡೆದು ಮಕ್ಕಳೆಲ್ಲ ಒಟ್ಟಿಗೆ ಹೊರಬಂದು ಅಂಚಿನ ಕಟಕಟೆಗೆ ಒರಗಿದ ದಿನ ಆ ವರಾಂಡ ಬುಡದಲ್ಲೇ ಮುರಿಯುತ್ತದೆ.

ಮೊದಲು ನನ್ನ ಮೇಲೆಯೇ ಸಂಶಯಪಟ್ಟೆ. ಕನ್ನಡಕ ಒರೆಸಿಕೊಂಡೆ. ನಿನ್ನ ಆಫೀಸಿನಲ್ಲಿ ನಕ್ಷೆ ಬರೆಯುವ ಹುಡುಗಿ ತಲೆಕೆಳಗು ಮಾಡಿರಬೇಕು, ತಪ್ಪು ನಿಧಾನಿಯದಲ್ಲ ಎಂದುಕೊಂಡು, ನನ್ನ ಲೆಕ್ಕ ಮುಗಿಸಿ ಲಕೋಟೆ ಒಡೆದೆ. ಒಳಗೆ ನಿನ್ನದೇ ಕೈಬರಹ, ನಿನ್ನ ಚೊಕ್ಕ ಅಂಕಿಗಳು, ಕಂಬಿಗಳು ಕೆಳಗೇ ಇದ್ದವು. ಆ ದಿನ ಸಿಳ್ಳೆ ಹಾಕಲಿಲ್ಲ.

ಪತ್ರದ ನಿಯಮ ಮುರಿದು ನಿನ್ನ ಮಗಳಿಗೆ ಫೋನು ಮಾಡಿದೆ. ನಿನ್ನ ಆಫೀಸಿನಲ್ಲೇ ಕೂರುವ ಇಂಜಿನಿಯರು ಅವಳು, ಅವಳನ್ನಲ್ಲದೆ ಇನ್ನಾರನ್ನು ಕೇಳಲಿ? ಮೊದಲು ಮಾತು ಹಾರಿಸಿದಳು. ಆಮೇಲೆ ಒಂದೊಂದೇ ಹೇಳಿದಳು. ನೀನು ನಲ್ಲಿ ಬಿಟ್ಟು ಮರೆಯುವುದು, ಬಿಟ್ಟು ಎಷ್ಟೋ ಕಾಲವಾದ ಹಳೆಯ ಆಫೀಸಿನ ಮೆಟ್ಟಿಲು ಹತ್ತಿ ನಿಂತಿದ್ದು, ಮೊಮ್ಮಗಳನ್ನು ಮಗಳ ಹೆಸರಿನಿಂದ ಕರೆಯುವುದು, ತಿದ್ದಿದರೆ ಸಿಡುಕುವುದು. ಈ ನಕ್ಷೆಯನ್ನು ಯಾರೂ ಮುಟ್ಟಬಾರದೆಂದು ಬಾಗಿಲು ಹಾಕಿಕೊಂಡು ಮಾಡಿದೆಯಂತೆ. ಅವಳು ಅಳುತ್ತಿರಲಿಲ್ಲ, ಆದರೆ ದನಿ ಸಣ್ಣದಾಗಿತ್ತು.

"ನೀವೇ ತಿದ್ದಿ ಸೈನ್ ಮಾಡ್ಬಿಡಿ ಮಾಮ," ಎಂದಳು. "ಅಪ್ಪಂಗೆ ಗೊತ್ತಾಗೋದೇ ಬೇಡ. ಈ ಕೆಲಸನೂ ಕೈಬಿಟ್ರೆ ಅವರು ಕೂತುಬಿಡ್ತಾರೆ."

"ನಾನು ತಿದ್ದಿದ್ದನ್ನ ನೋಡೋರು ಯಾರಮ್ಮ?" ಎಂದೆ.

ಇನ್ಯಾರಾದರೂ ಆಗಿದ್ದರೆ ಒಪ್ಪಿಕೊಳ್ಳುತ್ತಿದ್ದರು ಎಂದಷ್ಟೇ ಹೇಳಿ ಅವಳು ಫೋನಿಟ್ಟಳು. ಅವಳ ಮೇಲೆ ಸಿಟ್ಟಾಗಬೇಡ. ಅವಳು ನಿನ್ನನ್ನು ಕಾಪಾಡಲು ನೋಡುತ್ತಿದ್ದಾಳೆ, ಅಷ್ಟೇ.

ನಿಜ ಹೇಳುತ್ತೇನೆ, ತಿದ್ದಿಬಿಡಲು ಮನಸ್ಸಾಗಿತ್ತು. ರಬ್ಬರು ಕೈಯಲ್ಲಿ ಹಿಡಿದು ಕೂತಿದ್ದೆ. ಕೆಳಗಿನ ಗೆರೆಗಳನ್ನು ಅಳಿಸಿ ಮೇಲೆ ಎಳೆಯುವುದು, ಅಷ್ಟೇ ಕೆಲಸ. ಕಟ್ಟಡ ನಿಲ್ಲುತ್ತಿತ್ತು, ಮಕ್ಕಳು ಓಡಾಡುತ್ತಿದ್ದರು, ನಕ್ಷೆಗೆ ಒತ್ತುವ ನಿನ್ನ ಸೀಲು ನಿನ್ನ ಬಳಿಯೇ ಇರುತ್ತಿತ್ತು. ಆದರೆ ಆ ಹಾಳೆಯ ಮೇಲೆ ಎರಡು ಹೆಸರಿದ್ದು, ನೋಡಿದ ಕಣ್ಣು ಒಬ್ಬನದೇ ಆಗುತ್ತಿತ್ತು. ಎಪ್ಪತ್ತು ದಾಟಿದ ನನ್ನ ಕಣ್ಣು. ಇಬ್ಬರು ನೋಡಿದ್ದಾರೆ ಎಂದು ನಂಬಿಯೇ ಅಲ್ಲವೇ ಶಾಲೆಯವರು ನಮ್ಮಿಬ್ಬರಿಂದಲೂ ಸಹಿ ಕೇಳುವುದು? ಮುಂದಿನ ನಕ್ಷೆ ಬಂದರೆ ಆಗಲೂ ನಾನೇ ತಿದ್ದಬೇಕು. ಅದರ ಮುಂದಿನದು ಬರುವ ಹೊತ್ತಿಗೆ ನಾನಿಲ್ಲದಿದ್ದರೆ?

ರಬ್ಬರು ಕೆಳಗಿಟ್ಟೆ. ಆಮೇಲೆ ನಿನ್ನ ಮೇಲೆ ವಿಪರೀತ ಸಿಟ್ಟು ಬಂತು. ಯಾಕೆ ಎಂದು ಕೇಳಬೇಡ, ನನಗೂ ಸರಿಯಾಗಿ ಗೊತ್ತಿಲ್ಲ. ನನಗಿಂತ ಮೊದಲು ನೀನು ಸುಸ್ತಾಗುತ್ತೀಯ ಎಂದು ನಾನು ಎಣಿಸಿಯೇ ಇರಲಿಲ್ಲ.

ನಕ್ಷೆಗಳನ್ನು ಸಹಿ ಇಲ್ಲದೆ ಈ ಪತ್ರದ ಜೊತೆ ವಾಪಸು ಕಳಿಸಿದ್ದೇನೆ. ಕಾಂಕ್ರೀಟು ಸುರಿಯಲು ಸೆಂಟ್ರಿಂಗ್ ಹಲಗೆ ಹೊಡೆಯಲು ಶುರುಮಾಡಿದ್ದಾರೆಂದು ಕಂಟ್ರಾಕ್ಟರಿಂದ ತಿಳಿಯಿತು. ಅದಕ್ಕೇ ವರಾಂಡದ ಕೆಲಸ ನಿಲ್ಲಿಸಬೇಕು, ಈ ನಕ್ಷೆಯನ್ನು ನಾನು ಒಪ್ಪಿಲ್ಲ ಎಂದು ಅವನಿಗೂ ಶಾಲೆಯವರಿಗೂ ನಿನ್ನೆಯೇ ಬರೆದು ತಿಳಿಸಿದೆ. ಕಾರಣ ಬರೆಯುವಾಗ ಕಂಬಿಯ ವಿಷಯ ಮಾತ್ರ ಬರೆದೆ, ನಿನ್ನ ವಿಷಯ ಬರೆಯಲಿಲ್ಲ. ಅದನ್ನು ನೀನೇ ಹೇಳಬೇಕು. ಬೆನ್ನ ಹಿಂದೆ ಮಾಡಿದ ಎನ್ನಬೇಡ, ಅದಕ್ಕೇ ನಾನೇ ನಿನಗೆ ಹೇಳುತ್ತಿದ್ದೇನೆ.

ನಿನ್ನಿಂದ ಮೂರು ಕೆಲಸ ಆಗಬೇಕು. ಸೀಲನ್ನು ಮಗಳ ಕೈಗೆ ಕೊಟ್ಟುಬಿಡು, ನಿನ್ನ ಹೆಸರಿನಲ್ಲಿ ಇನ್ನು ಒಂದು ಹಾಳೆಯೂ ಹೊರಗೆ ಹೋಗಬಾರದು. ಈ ಒಂದು ವರ್ಷದಲ್ಲಿ ನನಗೆ ಕಳಿಸದೆ ಒಬ್ಬನೇ ಸಹಿ ಹಾಕಿದ ಸಣ್ಣಪುಟ್ಟ ಮನೆಗಳಿದ್ದರೆ ಎಲ್ಲವನ್ನೂ ಅವಳಿಗೆ ತೋರಿಸು. ಅವಳು ಒಮ್ಮೆ ನೋಡಲಿ, ನಾನೂ ನೋಡುತ್ತೇನೆ. ನಾನು ಒಪ್ಪಿ ಕಳಿಸಿದ್ದ ನಿನ್ನ ಕಟ್ಟಡಗಳನ್ನು ಈ ವಾರಗಳಲ್ಲಿ ಮತ್ತೆ ಲೆಕ್ಕ ಹಾಕಿ ನೋಡಿದೆ, ಸರಿಯಾಗಿವೆ, ನೆಮ್ಮದಿಯಾಗಿರು. ತಡವಾದದ್ದು ಅದಕ್ಕೇ. ಕೊನೆಯದು, ಡಾಕ್ಟರನ್ನು ನೋಡುವುದು. ಒಬ್ಬನೇ ಹೋಗಬೇಡ. ದಿನ ಗೊತ್ತುಮಾಡಿಸು, ಮಂಡಿ ಎಳೆದುಕೊಂಡಾದರೂ ಬರುತ್ತೇನೆ.

ವರಾಂಡವನ್ನು ನಿನ್ನ ಮಗಳು ಹೊಸದಾಗಿ ಲೆಕ್ಕ ಹಾಕಲಿ. ಲಕೋಟೆ ಅಂಟಿಸಿ ಕಳಿಸಲು ಹೇಳು. ತಪ್ಪು ಸಿಕ್ಕರೆ ಅವಳ ಮುಲಾಜೂ ನೋಡುವುದಿಲ್ಲ ಎಂದು ಈಗಲೇ ಹೇಳಿಡು. ನೀನು ಕಟ್ಟಿದ ಆಸ್ಪತ್ರೆ, ನೀನು ಕಟ್ಟಿದ ಮಾರುಕಟ್ಟೆ, ಹೊಳೆಯ ಮೇಲಿನ ಆ ಕಾಲುಸೇತುವೆ, ಎಲ್ಲ ಗಟ್ಟಿಯಾಗಿ ನಿಂತಿವೆ. ದಿನಾ ಅಲ್ಲಿ ಓಡಾಡುವವರಿಗೆ ನಿನ್ನ ಹೆಸರು ಗೊತ್ತಿಲ್ಲ, ಗೊತ್ತಾಗುವ ಅಗತ್ಯವೂ ಬಿದ್ದಿಲ್ಲ. ನಮ್ಮ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ ಎಂದು ನೀನೇ ಹೇಳುತ್ತಿದ್ದೆ.

ಬೇಜಾರಾದರೆ ಜಗಳಕ್ಕೇ ಬರೆ, ಆದರೆ ಬರೆ. ಮಗಳಿಗೂ ಮೊಮ್ಮಗಳಿಗೂ ನನ್ನ ಆಶೀರ್ವಾದ. ನೀನು ನನಗಿಂತ ಮೂರು ತಿಂಗಳು ಚಿಕ್ಕವನು, ಆದ್ದರಿಂದ ನಿನಗೂ. ಚೆನ್ನಾಗಿರು.

ನಿನ್ನ,
ತಕರಾರು

ಮರುಬರಹ: ಇದನ್ನು ಬರೆಯಬೇಕೋ ಬೇಡವೋ ಎಂದು ಕೊನೆಯವರೆಗೆ ತಳ್ಳಿಕೊಂಡು ಬಂದೆ. ನಿನ್ನ ಪತ್ರದ ಕೊನೆಯಲ್ಲಿ, ನನ್ನ ಹೆಂಡತಿಯ ಕೆಮ್ಮು ಹೇಗಿದೆ ಎಂದು ಕೇಳಿದ್ದೀಯ. ಹೋದ ಪತ್ರದಲ್ಲೂ ನೀನು ಕೇಳಿದ್ದೆ. ಆಗ ನಾನು, ಪರವಾಗಿಲ್ಲ, ಕಡಿಮೆಯಾಗಿದೆ ಎಂದು ಬರೆದು ಕಳಿಸಿದೆ. ಆ ಸಾಲು ಬರೆಯುವಾಗ, ಅವಳು ಒಳಗಿನ ಕೋಣೆಯಲ್ಲೇ ಇದ್ದಾಳೆ ಅನ್ನಿಸಿ ನನಗೂ ಹಿತವಾಗಿತ್ತು. ಅದನ್ನು ಹಿಂತೆಗೆದುಕೊಳ್ಳುತ್ತೇನೆ. ಅವಳು ಹೋಗಿ ಎರಡು ವರ್ಷವಾಯಿತು, ನಿಧಾನಿ. ಆಸ್ಪತ್ರೆಯ ಬೆಂಚಿನ ಮೇಲೆ ಕೊನೆಯವರೆಗೂ ನನ್ನ ಪಕ್ಕದಲ್ಲಿ ಕೂತಿದ್ದವನು ನೀನೊಬ್ಬನೇ. ಅವಳು ಕೊನೆಗೆ ಏನಂದಳು, ನಾನು ಏನಂದೆ, ಕೇಳಿಸಿಕೊಂಡವನೂ ನೀನೊಬ್ಬನೇ. ಇನ್ನು ಅದನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡರೆ, ತಪ್ಪು ಎಂದು ಹೇಳುವವರು ಯಾರೂ ಇಲ್ಲ.