ಚಪ್ಪಟೆ ಮಾಡಿದ ಎಲೆಗಳು

ಈ ಕಾಗದ ಓದಿ ಮುಗಿಸುವಷ್ಟರಲ್ಲಿ ನನ್ನ ಮೇಲೆ ಮುನಿಸಿಕೊಂಡಿರುವ ನನ್ನ ತಂಗಿ ಮರಿಗೆ,

ನಿನಗೆ ಫೋನು ಮಾಡಬಹುದಿತ್ತು. ಮೂರು ಸಲ ಮಾಡಿದೆ ಕೂಡ. ಮೂರು ಸಲವೂ ಊಟ ಆಯ್ತಾ, ರೂಮು ಹೇಗಿದೆ, ಅಪ್ಪ ಚೆನ್ನಾಗಿದ್ದಾರೆ ಅಂತ ಅಷ್ಟು ಹೇಳಿ ಇಟ್ಟುಬಿಟ್ಟೆ. ನಿನ್ನ ದನಿ ಕೇಳಿದ ಕೂಡಲೇ ಹೇಳಬೇಕಾದದ್ದು ಬಿಟ್ಟು ಬೇರೆಲ್ಲ ಹೇಳುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಮಕ್ಕಳ ಓದುಮನೆಯ ಬೋರ್ಡು ಹಾಳಾಯಿತಲ್ಲ, ಅದು ನಿನ್ನಿಂದಲ್ಲ ಮರಿ. ನನ್ನಿಂದ. ತಿಳಿದೂ ತಿಳಿದೂ ಮಾಡಿದ್ದು.

ಎಲ್ಲಿಂದ ಶುರುಮಾಡಲಿ? ನೀನು ಹುಟ್ಟಿದ ದಿನದಿಂದ ಅಂದರೆ ನಗುತ್ತೀಯ. ಆದರೆ ನಿಜ. ನಿನಗೆ ಅಪ್ಪ ತೊಟ್ಟಿಲಲ್ಲೇ ‘ಮರಿ’ ಅಂದರು. ಅಂದಿನಿಂದ ನಾನು ‘ದೊಡ್ಡೋಳು’. ಆಗ ನನಗೆ ಎಂಟು ವರ್ಷ. ಅಪ್ಪ ಅಂಗಡಿಗಳ ಬೋರ್ಡು ಬರೆಯಲು ಏಣಿ ಹತ್ತಿದರೆ ಕೆಳಗೆ ಬಣ್ಣದ ಡಬ್ಬಿ ಹಿಡಿದು ನಿಲ್ಲುತ್ತಿದ್ದವಳು ನಾನು. ಕುತ್ತಿಗೆ ನೋಯುತ್ತಿತ್ತು, ಹಣೆಯ ಮೇಲೆ ಬಣ್ಣ ತೊಟ್ಟಿಕ್ಕುತ್ತಿತ್ತು, ಅಲುಗುತ್ತಿರಲಿಲ್ಲ. "ಅಕ್ಷರ ನೆಟ್ಟಗೆ ನಿಲ್ಬೇಕು ದೊಡ್ಡೋಳೇ, ಕುಡಿದವನ ಥರ ವಾಲಬಾರದು" ಅನ್ನುತ್ತಿದ್ದರು. ಅದನ್ನು ನಾನು ವೇದವಾಕ್ಯವೆಂದು ಹಿಡಿದುಕೊಂಡೆ. ನೀನು ಅದೇ ಡಬ್ಬಿಯಲ್ಲಿ ಕೈ ಅದ್ದಿ ಗೋಡೆಗೆಲ್ಲ ಬಳಿದು ಓಡುತ್ತಿದ್ದೆ. ನನಗೆ ಬೈಗುಳ, ನಿನಗೆ ಮುದ್ದು. "ಅವಳು ಚಿಕ್ಕೋಳು ಕಣೇ." ಆ ಒಂದು ಮಾತಿನಲ್ಲಿ ನೀನು ಇಪ್ಪತ್ತೈದು ವರ್ಷ ಬಚಾವಾದೆ.

ಅಪ್ಪನ ಕೈ ನಡುಗಲು ಶುರುವಾಗಿ ಕುಂಚ ಬಿಟ್ಟ ವರ್ಷವೇ ನಾನು ಪ್ರೆಸ್ಸಿಗೆ ಸೇರಿದೆ. ಕಂಪ್ಯೂಟರ್ ಮುಂದೆ ಹದಿನಾಲ್ಕು ವರ್ಷ. ಆಹ್ವಾನ ಪತ್ರಿಕೆ, ಔಷಧಿ ಬಾಟಲಿಯ ಚೀಟಿ, ಶಾಲೆಯ ಅಂಕಪಟ್ಟಿ. ಒಂದಕ್ಷರ ವಾಲಿಲ್ಲ. ಒಂದು ದಿನ ಅಪ್ಪ ಪ್ರೆಸ್ಸಿಗೆ ಬಂದು ನನ್ನ ಹಿಂದೆ ನಿಂತು ತುಂಬಾ ಹೊತ್ತು ನೋಡಿ "ನೀಟಾಗಿದೆ" ಅಂದರು. ಆ ಒಂದು ಪದವನ್ನು ಎಷ್ಟು ವರ್ಷ ಚಪ್ಪರಿಸಿದೆನೋ ನಿನಗೆ ಗೊತ್ತಿಲ್ಲ. ಯಾವತ್ತಾದರೂ ಮನಸ್ಸು ಕುಗ್ಗಿದರೆ ಅದನ್ನೇ ಹೊರಗೆ ತೆಗೆದು ನೋಡಿಕೊಳ್ಳುತ್ತಿದ್ದೆ.

ಆಮೇಲೆ ನೀನು ಬಂದೆ. ಟೀಚರ್ ತರಬೇತಿ ಅರ್ಧಕ್ಕೆ ಬಿಟ್ಟು, ಮುಖ ಊದಿಸಿಕೊಂಡು ಮನೆಯಲ್ಲಿ ಕೂತಿದ್ದವಳನ್ನು ಪ್ರೆಸ್ಸಿನ ಯಜಮಾನರ ಹತ್ತಿರ ಕರೆದುಕೊಂಡು ಹೋದವಳು ನಾನೇ. ಪಕ್ಕದ ಮೇಜು ಕೊಡಿಸಿದವಳೂ ನಾನೇ. ಪರದೆಯ ಮೇಲೆ ಗೆರೆ ಎಳೆಯುವ ಪೆನ್ ಟೂಲ್ ಹಿಡಿಯುವುದನ್ನು ನಿನ್ನ ಕೈಮೇಲೆ ಕೈಯಿಟ್ಟು ಕಲಿಸಿದೆ. ಇಲ್ಲಿ ಒತ್ತು, ಬಿಡಬೇಡ, ಎಳಿ, ಈಗ ಗೆರೆ ಬಾಗುತ್ತೆ ನೋಡು. ಬರೆದ ಪದವನ್ನು ಶೇಪ್ ಮಾಡಿಕೊಂಡರೆ ಅಕ್ಷರ ಹಿಟ್ಟಿನ ಮುದ್ದೆಯ ಹಾಗೆ, ಎಲ್ಲಿ ಬೇಕಾದರೂ ಹಿಡಿದು ಎಳೆಯಬಹುದು ಎಂದು ಹೇಳಿಕೊಟ್ಟೆ. ಶೇಪ್‌ನಲ್ಲಿ ಇರುವವರೆಗೆ ಬೆರಳುಗುರಿನಷ್ಟು ಎಲೆಯನ್ನು ಗೋಡೆಯಷ್ಟು ಮಾಡಿದರೂ ಅಂಚು ಕೆಡುವುದಿಲ್ಲ, ಚಿತ್ರವಾಗಿ ಚಪ್ಪಟೆ ಮಾಡಿಬಿಟ್ಟರೆ ಹಿಗ್ಗಿಸಿದಷ್ಟೂ ಮಬ್ಬು, ಅಂಚೆಲ್ಲ ಮೆಟ್ಟಿಲು ಮೆಟ್ಟಿಲು. ಇದನ್ನೂ ನಾನೇ ಹೇಳಿದ್ದೆ. ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ನನಗೆ ಎರಡು ವರ್ಷ ಹಿಡಿದದ್ದು ನಿನಗೆ ಎರಡು ತಿಂಗಳಲ್ಲಿ ಬಂತು. ಬರಲಿ ಬಿಡು. ಆದರೆ ನನಗೆ ಬಾರದ್ದೂ ಬಂತಲ್ಲ, ಅದು ನನ್ನನ್ನು ಸುಟ್ಟಿತು.

ಗ್ರಂಥಾಲಯದ ಮೇಡಂ ಬಂದ ದಿನ ನೆನಪಿದೆಯಾ? ಮಕ್ಕಳಿಗೆ ಹೊಸದಾಗಿ ಒಂದು ಕೋಣೆ ಮಾಡಿದ್ದೇವೆ, ಬಾಗಿಲ ಮೇಲೆ ಹನ್ನೆರಡು ಅಡಿ ಅಗಲದ ಬೋರ್ಡು ಬೇಕು, ‘ಮಕ್ಕಳ ಓದುಮನೆ’ ಅಂತ. ಯಜಮಾನರು ಕೆಲಸ ನನಗೆ ಕೊಟ್ಟರು. ನಾನು ಮಾಡಿದೆ. ನೆಟ್ಟನೆಯ ಅಕ್ಷರ, ಕೆಳಗೆ ತೆಳು ನೆರಳು, ಸುತ್ತ ಚಿನ್ನದ ಗೆರೆ. ಮೇಡಂ ನೋಡಿ "ಚೆನ್ನಾಗಿದೆ ಕಣಮ್ಮ... ಆದ್ರೆ ಇದನ್ನ ನೋಡಿದ್ರೆ ಯಾವ್ದೋ ಆಫೀಸು ಅನ್ಸುತ್ತೆ. ಮಕ್ಕಳು ಒಳಗೆ ಬರ್ಬೇಕಲ್ಲ?" ಅಂದರು. ಅಷ್ಟರಲ್ಲಿ ಅವರ ಕಣ್ಣು ನಿನ್ನ ಮೇಜಿನ ಕಡೆ ತಿರುಗಿತು. ದಿನಾ ಊಟದ ಬಿಡುವಿನಲ್ಲಿ ನೀನು ಸುಮ್ಮನೆ ಆಟಕ್ಕೆಂದು ಅದೇ ಪದಗಳನ್ನು ಹಿಡಿದು ಏನೋ ಮಾಡಿಟ್ಟಿದ್ದೆ.

ಏನೋ ಅಂದೆನಲ್ಲ, ಈಗಲೂ ಹೊಟ್ಟೆಕಿಚ್ಚೇ ಬರೆಸುತ್ತಿದೆ. ಸರಿಯಾಗಿಯೇ ಹೇಳುತ್ತೇನೆ. ‘ಓ’ ಒಂದು ಬಸವನಹುಳು, ಬೆನ್ನ ಮೇಲೆ ಚಿಪ್ಪು. ‘ದು’ವಿನ ಕೊಂಬು, ಮಲಗಿದ ಬೆಕ್ಕಿನ ಬಾಲ. ‘ಕ್ಕ’ದ ಒತ್ತಿನಿಂದ ಒಂದು ಬಳ್ಳಿ ಎದ್ದು, ‘ಳ’ದ ಸುಳಿಯಲ್ಲಿ ಎರಡು ಸುತ್ತು ಸುತ್ತಿ, ಕೊನೆಗೆ ‘ನೆ’ಯ ತಲೆಯ ಮೇಲೆ ಮೊಗ್ಗಾಗಿತ್ತು. ಉದ್ದಕ್ಕೂ ಎಲೆ. ಒಂದಕ್ಷರವೂ ನೆಟ್ಟಗಿರಲಿಲ್ಲ, ಆದರೂ ಆಗಷ್ಟೇ ಅಕ್ಷರ ಕಲಿತ ಮಗುವೂ ಓದಬಹುದಿತ್ತು. ಮೇಡಂ ಪುಟ್ಟ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅಂಗೈ ಉರಿಯುವಷ್ಟು ಜೋರಾಗಿ.

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಆದರೆ ಆ ವಾರ ಅಪ್ಪ ನಿನ್ನ ಊಟದ ಡಬ್ಬಿ ತಂದರು. (ನನ್ನ ಡಬ್ಬಿಯನ್ನು ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ತಂದವರಲ್ಲ.) ನಿನ್ನ ಪರದೆಯ ಮುಂದೆ ಬಗ್ಗಿದರು. ನಡುಗುವ ಬೆರಳನ್ನು ಗಾಜಿನ ಮೇಲಿಟ್ಟು ಬಳ್ಳಿಯನ್ನು ಬುಡದಿಂದ ತುದಿಯವರೆಗೆ ಸವರಿಕೊಂಡು ಹೋದರು, ತಾವೇ ಬರೆಯುತ್ತಿರುವ ಹಾಗೆ. ಅವರ ಕಣ್ಣು ಒದ್ದೆಯಾಗಿತ್ತು ಮರಿ. ನೀನು ನೋಡಲಿಲ್ಲ, ಡಬ್ಬಿಯ ಮುಚ್ಚಳ ತೆಗೆಯುತ್ತಾ "ಅಯ್ಯೋ ಅಪ್ಪ, ಉಪ್ಪಿನಕಾಯಿ ಮರೆತ್ಯಾ?" ಅನ್ನುತ್ತಿದ್ದೆ. ನಾನು ನೋಡಿದೆ. ನನಗೆ ಸಿಕ್ಕದ್ದು ‘ನೀಟಾಗಿದೆ’. ನಿನಗೆ ಸಿಕ್ಕದ್ದಕ್ಕೆ ಪದವೇ ಇರಲಿಲ್ಲ. ನೀನು ಕೈ ತೊಳೆಯಲು ಎದ್ದಾಗ ಗಾಜಿನ ಮೇಲೆ ಅವರ ಬೆರಳಿನ ಗುರುತು ಉಳಿದಿತ್ತು. ಬಟ್ಟೆ ತಗೊಂಡು ಒರೆಸಿಹಾಕಿದೆ.

ಮರುದಿನ ನೀನು ಅಪ್ಪನನ್ನು ನರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. "ಅಕ್ಕ, ಬೋರ್ಡು ಪ್ರಿಂಟ್ ಮಾಡೋರು ಫೈಲ್ ಕೇಳಿದ್ರೆ ಕಳಿಸ್ಬಿಡ್ತೀಯಾ? ಎಲ್ಲಾ ರೆಡಿ ಇದೆ." ಹನ್ನೊಂದು ಗಂಟೆಗೆ ಅವರು ಕೇಳಿದರು. ನಾನು ನಿನ್ನ ಕುರ್ಚಿಯಲ್ಲಿ ಕೂತು ಫೈಲ್ ತೆರೆದೆ. ಪಕ್ಕದಲ್ಲಿ ಲೇಯರುಗಳ ಪಟ್ಟಿ, ಒಂದೊಂದು ಎಲೆಗೂ ಒಂದೊಂದು ಪದರ, ಇಳಿಸಿದಷ್ಟೂ ಇತ್ತು. ಎಲ್ಲವನ್ನೂ ಒಟ್ಟಿಗೆ ಹಿಡಿದು ಚಪ್ಪಟೆ ಮಾಡಿದೆ. ಅಳತೆ ತಗ್ಗಿಸಿದೆ. ಅದೇ ಹೆಸರಿನಲ್ಲಿ ಸೇವ್ ಮಾಡಿದೆ, ಮೂಲ ಅಳಿಸಿಹೋಗಲಿ ಎಂದೇ. ಕಳಿಸಿದೆ. ಒಂದು ನಿಮಿಷದ ಕೆಲಸವೂ ಅಲ್ಲ. ಎದ್ದು ಹೋಗಿ ಚಹಾ ಕುಡಿದೆ.

ಅವತ್ತು ಏನು ಅಂದುಕೊಂಡಿದ್ದೆ ಎಂದು ಕೇಳಬೇಡ. ಸ್ವಲ್ಪ ಮಬ್ಬಾಗಲಿ, ಜನ ‘ಪರವಾಗಿಲ್ಲ’ ಅನ್ನಲಿ, ಅಷ್ಟೇ ಸಾಕು ಅನಿಸಿತ್ತು. ಅಷ್ಟಕ್ಕೇ ನಿಲ್ಲಲಿಲ್ಲ. ಉದ್ಘಾಟನೆಯ ಬೆಳಿಗ್ಗೆ ಬಟ್ಟೆ ಸರಿಸಿದಾಗ ಬಾಗಿಲ ಮೇಲೆ ಇದ್ದದ್ದು ಹರಕಲು ಅಂಚಿನ ಹಸಿರು ಗಂಜಿ. ಬಸವನಹುಳು ಕಲ್ಲಿನ ಹಾಗೆ ಕಾಣುತ್ತಿತ್ತು. ಮುಂದೆ ನಿಂತ ಒಂದು ಮಗು "ಕನ್ನಡಕ ಹಾಕ್ಕೊಂಡ್ರೆ ಸರಿ ಕಾಣುತ್ತಾ?" ಅಂತ ಅಮ್ಮನನ್ನು ಕೇಳಿತು. ಎಲ್ಲರೂ ನಕ್ಕರು. ಯಜಮಾನರು ಅಷ್ಟು ಜನರ ಮುಂದೆಯೇ ನಿನ್ನ ಕಡೆ ತಿರುಗಿ "ನಡೆಯೋಕೆ ಬರೋ ಮೊದ್ಲೇ ಕುಣಿಯೋಕೆ ಹೋದ್ಯಲ್ಲಮ್ಮ" ಅಂದರು. ನೀನು ನನ್ನ ಮುಖ ನೋಡಿದೆ. ಅಕ್ಕ ಏನಾದರೂ ಹೇಳುತ್ತಾಳೆ ಅಂತ. ನಾನು ಬೋರ್ಡು ನೋಡುತ್ತಾ ನಿಂತೆ. "ನನ್ನದೇ ತಪ್ಪಿರ್ಬೇಕು ಸರ್" ಅಂದೆ ನೀನು.

ಅದಕ್ಕಿಂತ ಕೀಳಾದ್ದು ಆಮೇಲೆ ನಡೆಯಿತು. ನೀನು ಫೈಲ್ ತೆರೆದು, ಎಲೆಗಳೆಲ್ಲ ಒಂದಕ್ಕೊಂದು ಅಂಟಿ ಹೋಗಿರುವುದನ್ನು ನೋಡಿ, "ಅಕ್ಕ, ನಾನು ಎಲ್ಲಿ ತಪ್ಪಿದೆ? ಸೇವ್ ಮಾಡುವಾಗ ಏನೋ ಒತ್ತಿಬಿಟ್ನಾ?" ಅಂತ ಕೇಳಿದೆ. ನಾನು ಕುರ್ಚಿ ಎಳೆದುಕೊಂಡು ಕೂತು, ಹೌದು, ನೀನು ಇಲ್ಲಿ ಹೀಗೆ ಒತ್ತಿರಬೇಕು, ಅವಸರ ಮಾಡಬಾರದು ಅಂತ ಪಾಠ ಹೇಳಿದೆ. ನೀನು ತಲೆಯಾಡಿಸುತ್ತಾ ಪುಸ್ತಕದಲ್ಲಿ ಬರೆದುಕೊಂಡೆ. ಸುಳ್ಳು ಪಾಠವನ್ನು ಅಷ್ಟು ಶ್ರದ್ಧೆಯಿಂದ ಬರೆದುಕೊಂಡೆಯಲ್ಲೇ!

ಆಮೇಲೆ ನೀನು ಬಳ್ಳಿ ಬರೆಯಲಿಲ್ಲ. ರಸೀದಿ ಪುಸ್ತಕ, ರಬ್ಬರ್ ಸ್ಟ್ಯಾಂಪು ಇದ್ದರೆ ಕೊಡಿ ಅಂತ ಕೇಳಿ ಕೇಳಿ ಮಾಡಿದೆ. ನಾಲ್ಕು ತಿಂಗಳಿಗೆ ಬಟ್ಟೆ ಗೋದಾಮಿನಲ್ಲಿ ಲೇಬಲ್ ಅಂಟಿಸುವ ಕೆಲಸ ಹಿಡಿದು ಬೇರೆ ಊರಿಗೆ ಹೋದೆ. ಬಸ್ಸು ಹತ್ತುವಾಗ "ಅಕ್ಷರ ನಿನ್ನ ಕೈಗೇ ಸರಿ ಅಕ್ಕ" ಅಂದೆ. ಇಷ್ಟು ವರ್ಷ ಕೇಳಬೇಕೆಂದು ಆಸೆಪಟ್ಟ ಮಾತು. ಕೇಳಿಸಿಕೊಂಡು ಮನೆಗೆ ಬಂದು ಅನ್ನ ಬಡಿಸಿಕೊಂಡೆ, ತಟ್ಟೆಯನ್ನು ಹಾಗೇ ಮುಚ್ಚಿಟ್ಟೆ.

ಬೋರ್ಡು ಇನ್ನೂ ಅಲ್ಲೇ ತೂಗಾಡುತ್ತಿತ್ತು. ಹೋದ ತಿಂಗಳು ಅಪ್ಪ, "ಮರಿ ಬರೆದದ್ದು ಬಾಗಿಲ ಮೇಲೆ ಏರಿದ್ಮೇಲೆ ನಾನು ನೋಡೇ ಇಲ್ಲ, ಕರ್ಕೊಂಡು ಹೋಗು" ಎಂದು ಹಟ ಹಿಡಿದರು. ಉದ್ಘಾಟನೆಯ ದಿನ ಅವರಿಗೆ ಹುಷಾರಿರಲಿಲ್ಲವಲ್ಲ. ಏನೇನೋ ನೆಪ ಹೇಳಿದೆ, ಬಿಡಲಿಲ್ಲ. ಗ್ರಂಥಾಲಯದ ಎದುರಿನ ಕಟ್ಟೆಯ ಮೇಲೆ ಕೂತು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು.

"ಇದು ಬರೆದವಳ ತಪ್ಪಲ್ಲ" ಅಂದರು. "ಗೆರೆ ಹೋಗಿರೋ ದಾರಿ ಸರಿಯಾಗೇ ಇದೆ. ಅಂಚು ಮಾತ್ರ ಸತ್ತಿದೆ. ಸಣ್ಣದನ್ನ ದೊಡ್ಡದು ಮಾಡುವಾಗ ಯಾರೋ ಕೊಂದಿದ್ದಾರೆ. ಇದನ್ನ ಕಳಿಸಿದ್ಯಾರು?"

"ನಾನು."

"ಗೊತ್ತಿಲ್ದೆ ಆಯ್ತಾ?"

ಹೌದು ಅಂದುಬಿಡಬಹುದಿತ್ತು, ಅವರು ನಂಬುತ್ತಿದ್ದರು. "ಇಲ್ಲಪ್ಪ" ಅಂದೆ. ಅವರು ಬೈಯಲಿಲ್ಲ. ಮಂಡಿಯ ಮೇಲೆ ಕೈಯೂರಿ ಎದ್ದರು. "ಹಾಗಾದ್ರೆ ನೀನೇ ಎಬ್ಬಿಸು" ಅಂದರು.

ಒಂಬತ್ತು ದಿನ ರಜೆ ಹಾಕಿ ಕೂತೆ. ನಿನ್ನ ಮಬ್ಬು ಚಿತ್ರವನ್ನು (ಹಿಗ್ಗಿಸದೆ ನೋಡಿದರೆ ಗೆರೆ ಇನ್ನೂ ತಿಳಿಯುತ್ತಿತ್ತು) ಅಡಿಯಲ್ಲಿಟ್ಟು, ಅದರ ಮೇಲೆ ಪೆನ್ ಟೂಲಿನಿಂದ ಒಂದೊಂದೇ ಶೇಪ್ ಮತ್ತೆ ಬರೆದೆ. ಮೊದಲ ದಿನ ಚಾಲಾಕಿತನ ಮಾಡಿದೆ. ಒಂದು ಎಲೆ ಬರೆದು ಅದನ್ನೇ ನಕಲು ಮಾಡಿ ತಿರುಗಿಸಿ ತಿರುಗಿಸಿ ಇಟ್ಟುಕೊಂಡು ಹೋಗೋಣ ಎಂದು. ಕೂರಲಿಲ್ಲ. ಎರಡನೆಯ ಎಲೆಯೇ ಬೇರೆ, ಮೂರನೆಯದು ಇನ್ನೂ ಬೇರೆ. ನೂರ ನಲವತ್ತು ಎಲೆ ಬರೆದಿದ್ದೀಯ, ಒಂದರ ಹಾಗೆ ಇನ್ನೊಂದಿಲ್ಲ! ಒಂದನ್ನು ಹುಳು ತಿಂದಿದೆ, ಒಂದು ಮುದುರಿದೆ, ಒಂದು ಇನ್ನೊಂದರ ಹಿಂದೆ ಅವಿತಿದೆ. ಬಾಗಿಲ ಮೇಲೆ ಅಷ್ಟೆತ್ತರದಲ್ಲಿ ಯಾರ ಕಣ್ಣಿಗೂ ಬೀಳದ ಎಲೆಗೂ ನರ ಹಾಕಿದ್ದೀಯ. ಯಾಕೆ ಹಾಕಿದೆ? ಯಾರು ಕೇಳಿದ್ದರು? ಐದನೆಯ ದಿನ ಮೌಸ್ ಎತ್ತಿ ಮೇಜಿಗೆ ಕುಕ್ಕಿದೆ. ನಿನ್ನ ಬಗ್ಗೆ ಜೀವಮಾನದಲ್ಲಿ ಅಷ್ಟು ಉರಿದುಕೊಂಡಿರಲಿಲ್ಲ. ಯಾಕೆಂದರೆ ಆವರೆಗೆ ನೀನು ಅದೃಷ್ಟವಂತೆ ಎಂದು ಹೊಟ್ಟೆಕಿಚ್ಚುಪಟ್ಟಿದ್ದೆ. ಅವತ್ತು ಗೊತ್ತಾಯಿತು, ನೀನು ನನಗಿಂತ ಹೆಚ್ಚು ಕೆಲಸ ಮಾಡಿದ್ದೆ.

ಮುಗಿದ ಮೇಲೆ ಯಜಮಾನರಿಗೂ ಮೇಡಂಗೂ ಒಟ್ಟಿಗೇ ನಿಜ ಹೇಳಿದೆ. ಯಜಮಾನರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ, "ಕೆಲಸದಿಂದ ತೆಗೀಬೇಕು ನಿನ್ನ" ಅಂದರು. ಇನ್ನೂ ತೆಗೆದಿಲ್ಲ, ತೆಗೆಯುವುದಿಲ್ಲ ಎಂದೂ ಹೇಳಿಲ್ಲ. ನಿನಗೆ ಅವರೇ ಫೋನು ಮಾಡುತ್ತಾರಂತೆ. ಅವತ್ತು ಎಲ್ಲರ ಮುಂದೆ ಅಂದದ್ದಕ್ಕೆ ಎಲ್ಲರ ಮುಂದೆಯೇ ಕ್ಷಮೆ ಕೇಳಬೇಕು ಅಂದರು. ಮೇಡಂ ನನ್ನ ಜೊತೆ ಮಾತಾಡುವುದಿಲ್ಲ. ಸರಿಯೇ.

ಹೊಸ ಬೋರ್ಡು ಮೊನ್ನೆ ಏರಿತು. ಬಲಗಡೆ ಕೆಳಗೆ ನಿನ್ನ ಹೆಸರಿದೆ, ಮನೆಯಲ್ಲಿ ಕರೆಯುವ ಹೆಸರಲ್ಲ, ಪೂರ್ತಿ ಹೆಸರು. ಅಂಚೆಲ್ಲ ಚೂರಿಯ ಹಾಗೆ. ಅಪ್ಪನನ್ನು ಅದೇ ಕಟ್ಟೆಯ ಮೇಲೆ ಕೂರಿಸಿದೆ. ನೋಡಿ "ಮರಿ ಕೈ" ಅಂದರು. ಒಂಬತ್ತು ದಿನ ಬೆನ್ನು ಮುರಿದುಕೊಂಡವಳು ಪಕ್ಕದಲ್ಲೇ ನಿಂತಿದ್ದೆ. ಆದರೂ ಅವರು ಹೇಳಿದ್ದು ನಿಜ, ಅದಕ್ಕೇ ಇನ್ನಷ್ಟು ಚುಚ್ಚಿತು. ಸುಳ್ಳು ಯಾಕೆ ಹೇಳಲಿ, ಈಗಲೂ ಚುಚ್ಚುತ್ತಿದೆ. ಕ್ಷಮಿಸು ಎಂದು ಕೇಳುತ್ತಿರುವ ಹೊತ್ತಿಗೂ ಇದು ಹೋಗಿಲ್ಲ ಮರಿ. ನೀನು ಬಂದು ಪಕ್ಕದ ಮೇಜಿನಲ್ಲಿ ಕೂತರೆ ದಿನಾ ಬೆಳಿಗ್ಗೆ ನಿನ್ನ ಪರದೆ ನೋಡಿ ನನ್ನ ಹೊಟ್ಟೆ ಉರಿಯುತ್ತದೆ. ಉರಿಯಲಿ. ಬಾ. ಇನ್ನು ನಿನ್ನ ಫೈಲಿಗೆ ಕೈ ಹಾಕುವುದಿಲ್ಲ. ನಂಬುವುದು ಬಿಡುವುದು ನಿನಗೆ ಬಿಟ್ಟದ್ದು.

ಒಂದು ಮಾತು ಉಳಿದಿದೆ. ಬೋರ್ಡಿನಲ್ಲಿ ಒಂದು ಎಲೆ ನಿನ್ನದಲ್ಲ. ಒಂದು ಕಡೆ ಚಿತ್ರ ಎಷ್ಟು ಕಲಸಿಹೋಗಿತ್ತೆಂದರೆ ನೀನು ಏನು ಬರೆದಿದ್ದೆಯೋ ತಿಳಿಯಲೇ ಇಲ್ಲ. ಅಲ್ಲಿ ನನ್ನದೇ ಒಂದು ಬರೆದಿಟ್ಟೆ. ಅದನ್ನು ಅಪ್ಪನಿಗೆ ಹೇಳಿದೆ. "ಯಾವ್ದು?" ಅಂದರು. "ನೀವೇ ಹುಡುಕಿ" ಅಂದೆ. ಕಟ್ಟೆಯಿಂದ ಎದ್ದು ಹತ್ತಿರ ಹೋಗಿ, ತಲೆ ಎತ್ತಿ, ಈ ತುದಿಯಿಂದ ಆ ತುದಿಗೆ ನೋಡುತ್ತಾ ಹೋದರು. ತಿರುಗಿ ಬಂದು ಮತ್ತೆ ಮೊದಲಿನಿಂದ ನೋಡಿದರು. ಸಿಗಲಿಲ್ಲ. ಆಟೋದಲ್ಲಿ ಕೂತ ಮೇಲೂ ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಿದ್ದರು. ನಿನಗೆ ಒಂದೇ ನೋಟಕ್ಕೆ ಸಿಕ್ಕಿಬಿಡುತ್ತದೆ, ಗೊತ್ತು. ಸಿಕ್ಕರೂ ಅವರಿಗೆ ತೋರಿಸಬೇಡ.

ನಿನ್ನ ಕೈಗೆ ಎಂದೂ ನಡುಕ ಬಾರದಿರಲಿ, ನಿನ್ನ ಗೆರೆ ಎಷ್ಟು ದೊಡ್ಡ ಗೋಡೆಗೆ ಏರಿದರೂ ಕೆಡದಿರಲಿ.

ತಪ್ಪು ಹೊತ್ತುಕೊಂಡು ಕಾಯುತ್ತಿರುವ,
ನಿನ್ನ ಅಕ್ಕ